ಇಂಗ್ಲಿಷಿನ ಒತ್ತು ಮತ್ತು ಏರಿಳಿತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನಲ್ಲಿ ಸಂಜೆಯ ಹೊತ್ತು ಇಂಗ್ಲಿಷ್ ಮಾತುಗಾರಿಕೆ ಕಲಿಸುತ್ತೇನೆ. ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರು ತರಗತಿ ಮುಗಿದ ಮೇಲೆ ನಿಂತು ಕೇಳುವ ಪ್ರಶ್ನೆಗಳು ಮತ್ತು ಕೋಲಾರ, ಚಿಂತಾಮಣಿಯಿಂದ ಪತ್ರದಲ್ಲಿ ಬರುವ ಪ್ರಶ್ನೆಗಳು ವರ್ಷಗಳಿಂದ ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಅವುಗಳನ್ನು ಇಟ್ಟಿದ್ದೇನೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಒತ್ತು ಬೀಳುವ ತುಂಡಿನ ಮುಂದೆ, ನಿಘಂಟುಗಳಲ್ಲಿ ಇರುವಂತೆ, ˈ ಎಂಬ ಸಣ್ಣ ಗೀಟು ಇದೆ.

## ಮೊದಲ ಮೆಟ್ಟಿಲು

ಒತ್ತು ಎಂದರೆ ಶಾಲೆಯಲ್ಲಿ ಕಲಿತ ಒತ್ತಕ್ಷರವೇ?

ಅಲ್ಲ. ಒತ್ತಕ್ಷರ ಲಿಪಿಗೆ ಸೇರಿದ್ದು. ಇಲ್ಲಿ ಹೇಳುತ್ತಿರುವ ಒತ್ತು ಬಾಯಿಗೆ ಸೇರಿದ್ದು. ಪದವನ್ನು ಉಚ್ಚರಿಸುವಾಗ ಒಂದೊಂದು ಸ್ವರದ ಸುತ್ತ ಒಂದೊಂದು ತುಂಡು ಕಟ್ಟಿಕೊಳ್ಳುತ್ತದೆ. ಆ ತುಂಡುಗಳಲ್ಲಿ ಒಂದು ಉಳಿದವುಗಳಿಗಿಂತ ಎದ್ದು ಕೇಳಿಸಿದರೆ ಅದರ ಮೇಲೆ ಒತ್ತು ಬಿದ್ದಿದೆ ಎನ್ನುತ್ತೇವೆ. ಹಾಗೆ ಎದ್ದು ಕೇಳಿಸಲು ನಾಲ್ಕು ಸಂಗತಿಗಳು ಕೂಡಿಬರುತ್ತವೆ: ಅಲ್ಲಿ ಧ್ವನಿಯ ಸ್ಥಾಯಿ, ಅಂದರೆ ಅದು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದು, ಬದಲಾಗುತ್ತದೆ, ತುಂಡು ಉದ್ದವಾಗುತ್ತದೆ, ಜೋರಾಗುತ್ತದೆ, ಅದರ ಸ್ವರ ಸವೆಯದೆ ಪೂರ್ತಿಯಾಗಿ ಉಳಿಯುತ್ತದೆ. ಜೋರಾಗಿ ಹೇಳುವುದೇ ಒತ್ತು ಎಂದು ಬಹಳ ಮಂದಿ ತಿಳಿದಿದ್ದಾರೆ. 1950ರ ದಶಕದಲ್ಲಿ ಲಂಡನ್ನಿನ ಧ್ವನಿವಿಜ್ಞಾನಿ ಡಿ. ಬಿ. ಫ್ರೈ ಯಂತ್ರದಿಂದ ತಯಾರಿಸಿದ ಧ್ವನಿಗಳನ್ನು ಕೇಳಿಸಿ ಪರೀಕ್ಷಿಸಿದಾಗ, ಕೇಳುವವರ ಕಿವಿ ಸ್ಥಾಯಿಯನ್ನೂ ಉದ್ದವನ್ನೂ ಹೆಚ್ಚು ನೆಚ್ಚುತ್ತದೆ, ಜೋರಿನ ಪಾತ್ರ ಅವುಗಳಿಗಿಂತ ಕಡಿಮೆ ಎಂದು ಕಂಡುಬಂತು. ಆದ್ದರಿಂದ ಗಂಟಲು ಹರಿದುಕೊಳ್ಳಬೇಡಿ. ಆ ತುಂಡನ್ನು ತುಸು ಎಳೆಯಿರಿ, ಸ್ಥಾಯಿಯನ್ನು ತುಸು ಏರಿಸಿ.

ಕನ್ನಡದಲ್ಲಿ ಒತ್ತು ಇಲ್ಲವೇ ಸರ್? ನಾವೂ ಒತ್ತಿ ಒತ್ತಿ ಹೇಳುತ್ತೇವಲ್ಲ?

ಇದೆ. ಸಾಮಾನ್ಯವಾಗಿ ಪದದ ಮೊದಲಿಗೆ ಸಣ್ಣದೊಂದು ಒತ್ತು ಇರುತ್ತದೆ. ಆದರೆ ಅದನ್ನು ಆಚೀಚೆ ಸರಿಸಿದರೆ ಪದ ಬೇರೆಯಾಗುವುದಿಲ್ಲ. ನಮ್ಮಲ್ಲಿ ಪದವನ್ನು ಬದಲಿಸುವುದು ಉದ್ದ ಮತ್ತು ದ್ವಿತ್ವ: ಬಲ, ಬಾಲ, ಬಲ್ಲ. ಇನ್ನು ಒತ್ತಿ ಹೇಳಬೇಕಾದಾಗ ನಾವು ಗಂಟಲಿಗಿಂತ ಹೆಚ್ಚಾಗಿ ಪ್ರತ್ಯಯವನ್ನು ಬಳಸುತ್ತೇವೆ. 'ನಾನೇ ಕೊಟ್ಟೆ', 'ನಾನೂ ಕೊಟ್ಟೆ', 'ನಾನೋ ಕೊಟ್ಟೆ' ಎಂಬ ಮೂರರಲ್ಲಿ ಏ, ಊ, ಓ ಎಂಬ ಪುಟ್ಟ ಅಕ್ಷರಗಳು ಎಷ್ಟು ಕೆಲಸ ಮಾಡುತ್ತಿವೆ ನೋಡಿ. ಇಂಗ್ಲಿಷಿನ ಬಳಿ ಇಂಥ ಪ್ರತ್ಯಯಗಳಿಲ್ಲ. ಆ ಕೆಲಸದ ದೊಡ್ಡ ಪಾಲನ್ನು ಅದು ಧ್ವನಿಯಿಂದ ಮಾಡಿಸಿಕೊಳ್ಳುತ್ತದೆ. ಈ ಪುಟದ ಉಳಿದ ಉತ್ತರಗಳಿಗೆಲ್ಲ ಇದೇ ತಾಯಿಬೇರು.

ಇದೆಲ್ಲ ಶೋಕಿಯಲ್ಲವೇ? ವ್ಯಾಕರಣ ಸರಿಯಿದ್ದರೆ ಸಾಲದೇ?

ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಲಂಡನ್ನಿನವರ ಹಾಗೆ ನಾಲಿಗೆ ತಿರುಗಿಸುವುದು ಬೇರೆ, ಒತ್ತು ಬೇರೆ. ನಿಮ್ಮ ಮಾತಿನಲ್ಲಿ ಮಧುಗಿರಿಯ ಮಣ್ಣಿನ ವಾಸನೆ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಒತ್ತು ತಪ್ಪಿದರೆ ಮಾತ್ರ ಕೇಳುವವನಿಗೆ ಪದವೇ ಸಿಗುವುದಿಲ್ಲ, ಏಕೆಂದರೆ ಇಂಗ್ಲಿಷ್ ಮಾತೃಭಾಷೆಯವನು ಪದವನ್ನು ಗುರುತಿಸುವಾಗ ಮೊದಲು ಒತ್ತಿನ ತುಂಡನ್ನು ಹುಡುಕುತ್ತಾನೆ. ಭಾರತೀಯರ ಇಂಗ್ಲಿಷ್ ಇತರರಿಗೆ ಎಷ್ಟರ ಮಟ್ಟಿಗೆ ಅರ್ಥವಾಗುತ್ತದೆ ಎಂದು ಪರೀಕ್ಷಿಸಿದ ಆರ್. ಕೆ. ಬನ್ಸಲ್ ಅವರ ಅಧ್ಯಯನ 1969ರಲ್ಲಿ ಹೈದರಾಬಾದಿನಿಂದ ಪ್ರಕಟವಾಯಿತು. ಅರ್ಥವಾಗದಿರಲು ಅವರು ಕಂಡ ಮುಖ್ಯ ಕಾರಣಗಳಲ್ಲಿ ಪದದ ಒತ್ತು ತಪ್ಪುವುದೂ ಒಂದು. ಇದು ವ್ಯಾಕರಣದ ಹೊರಗಿನ ಅಲಂಕಾರವಲ್ಲ, ವ್ಯಾಕರಣದ್ದೇ ಭಾಗ.

ನಮ್ಮ ಮನೆಮಾತು ತೆಲುಗು. ಬಾಗೇಪಲ್ಲಿಯವರಿಗೆ ಇದು ಇನ್ನೂ ಕಷ್ಟವೇ?

ಇಲ್ಲ. ಈ ವಿಷಯದಲ್ಲಿ ತೆಲುಗು, ಕನ್ನಡ ಎರಡೂ ಒಂದೇ ದೋಣಿಯಲ್ಲಿವೆ. ಪಾವಗಡದ ತೆಲುಗು ಮನೆಯವರೂ ತಿಪಟೂರಿನ ಕನ್ನಡ ಮನೆಯವರೂ ನನ್ನ ತರಗತಿಯಲ್ಲಿ ಎಡವುವುದು ಅದದೇ ಜಾಗಗಳಲ್ಲಿ.

## ಪದದ ಒಳಗೆ

ಕೋಲಾರದವರು ಹುಟ್ಟಿದಾಗಿನಿಂದ ಟೊಮ್ಯಾಟೊ ಎನ್ನುತ್ತೇವೆ. ಅದನ್ನೂ ತಪ್ಪು ಹೇಳುತ್ತಿದ್ದೇವೆಯೇ?

ಕನ್ನಡದಲ್ಲಿ ಅದು ಸರಿ. ಇಂಗ್ಲಿಷ್ ಮಾತನಾಡುವಾಗ ಮಾತ್ರ ಬೇರೆ ಆಗಬೇಕು. ನಾವು ಮೂರು ತುಂಡುಗಳಿಗೂ ಸಮಪಾಲು ಹಂಚುತ್ತೇವೆ: ಟೊ, ಮ್ಯಾ, ಟೊ. ಇಂಗ್ಲಿಷ್ ಹಾಗೆ ಹಂಚುವುದಿಲ್ಲ. ನಡುವಿನದಕ್ಕೆ ಸಿಂಹಪಾಲು ಕೊಟ್ಟು ಮೊದಲನೆಯದನ್ನು ಬಡವಾಗಿಸುತ್ತದೆ. ಬ್ರಿಟಿಷರಲ್ಲಿ ಅದು ಟˈಮಾಟೋ, ಅಮೆರಿಕದವರಲ್ಲಿ ಟˈಮೇಟೋ. ನಡುವಿನ ಸ್ವರ ದೇಶಕ್ಕೆ ತಕ್ಕಂತೆ ಬದಲಾಯಿತು, ಒತ್ತು ಬದಲಾಗಲಿಲ್ಲ. ಇಬ್ಬರ ಬಾಯಲ್ಲೂ ಮೊದಲ 'ಟೊ' ಸವೆದು ಬರಿಯ 'ಟ' ಆಗುತ್ತದೆ.

ಈ ಸವೆದ ಸ್ವರವನ್ನು ಸರಿಯಾಗಿ ಹಿಡಿಯಬೇಕು. ತುಟಿ ಗುಂಡಾಗಿಸಬೇಡಿ, ದವಡೆ ತೆರೆಯಬೇಡಿ, ನಾಲಿಗೆಯನ್ನು ಬಾಯಿಯ ನಡುವೆ ಸುಮ್ಮನೆ ಬಿಡಿ. ಆಗ ತಾನಾಗಿ ಹೊರಡುವ ಅರೆ ಅಕಾರವೇ ಅದು. ಭಾಷಾವಿಜ್ಞಾನಿಗಳು ಅದನ್ನು ಶ್ವಾ ಎನ್ನುತ್ತಾರೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ ಇದೇ, ಆದರೂ ಅದಕ್ಕೆಂದು ಒಂದು ಅಕ್ಷರವಿಲ್ಲ. ಪುಸ್ತಕ ನೋಡಿ ಇಂಗ್ಲಿಷ್ ಕಲಿತವರಿಗೆ ಅದು ಸಿಗದೆ ಹೋಗಲು ಇದೇ ಕಾರಣ.

ಕಾಲೇಜು, ಮ್ಯಾನೇಜರ್, ಲಗೇಜ್: ಇವುಗಳಲ್ಲಿ 'ಏ' ಉದ್ದ ಇಲ್ಲವೇ?

ಇಂಗ್ಲಿಷಿನಲ್ಲಿ ಇಲ್ಲ. ಅಲ್ಲಿ ˈಕಾಲಿಜ್, ˈಮ್ಯಾನಿಜರ್, ˈಲಗಿಜ್. ಒತ್ತು ಮೊದಲ ತುಂಡಿಗೆ ಬಿದ್ದು ಎರಡನೆಯದು ಕುಗ್ಗಿಹೋಗುತ್ತದೆ. ನಾವು ಬರೆದದ್ದನ್ನು ನೋಡಿ, ಆ ತುಂಡಿಗೆ ಪೂರ್ಣ ಸ್ವರ ಕೊಟ್ಟು ಬರಮಾಡಿಕೊಂಡೆವು. ಆಫೀಸಿನ 'ಫೀ' ಕೂಡ ಹೀಗೆಯೇ ಬಂದದ್ದು. ಇಂಗ್ಲಿಷಿನಲ್ಲಿ ಅದು ˈಆಫಿಸ್. ಕನ್ನಡದ ಮಾತಿನಲ್ಲಿ ಕಾಲೇಜನ್ನು ಕಾಲೇಜೆಂದೇ ಹೇಳಿ. ಅದು ಈಗ ನಮ್ಮ ಪದ.

ಒತ್ತು ಎಲ್ಲಿ ಬೀಳುತ್ತದೆ ಎನ್ನಲು ನಿಯಮವಿದೆಯೇ, ಇಲ್ಲ ಎಲ್ಲವನ್ನೂ ಉರು ಹೊಡೆಯಬೇಕೇ?

ನಿಯಮವಿದೆ. ಅದರ ಕೀಲಿಕೈ ಕನ್ನಡ ಮಾಧ್ಯಮದಲ್ಲಿ ಓದಿದವರ ಜೇಬಿನಲ್ಲೇ ಇದೆ ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದ ಸಂಗತಿ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ದೀರ್ಘ ಸ್ವರ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ಇರುವುದು ಗುರು, ಉಳಿದದ್ದು ಲಘು. ಇಂಗ್ಲಿಷ್ ಒತ್ತು ಕೂಡ ಈ ಲೆಕ್ಕವನ್ನೇ ನೋಡುತ್ತದೆ.

ನಾಮಪದ ಮೂರು ತುಂಡಿನದೋ ಅದಕ್ಕಿಂತ ಹೆಚ್ಚಿನದೋ ಆಗಿದ್ದರೆ, ಕೊನೆಯ ತುಂಡನ್ನು ಲೆಕ್ಕದಿಂದ ಬಿಡಿ. ಅದರ ಹಿಂದಿನದು ಗುರುವಾದರೆ ಒತ್ತು ಅದರ ಮೇಲೆ: ಪˈಟೇಟೋ, ಬˈನಾನ, ಅˈಜೆಂಡ. ಲಘುವಾದರೆ ಒತ್ತು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ: ˈಸಿನಿಮ, ˈಹಾಸ್ಪಿಟಲ್, ಅˈಮೆರಿಕ. ಟೊಮ್ಯಾಟೊ ಕೂಡ ಈ ಲೆಕ್ಕಕ್ಕೇ ಕೂರುತ್ತದೆ.

ಕ್ರಿಯಾಪದದಲ್ಲಿ ಕೊನೆಯ ತುಂಡೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ದೀರ್ಘ ಸ್ವರವೋ ಕೊನೆಗೆ ಎರಡು ವ್ಯಂಜನವೋ ಇದ್ದರೆ ಒತ್ತು ಅಲ್ಲಿಯೇ: ಡಿˈಸೈಡ್, ಇನ್ˈವೈಟ್, ಕˈಲೆಕ್ಟ್. ಹ್ರಸ್ವ ಸ್ವರ ಮತ್ತು ಒಂದೇ ವ್ಯಂಜನ ಇದ್ದರೆ ಹಿಂದಿನ ತುಂಡಿನ ಮೇಲೆ: ಡಿˈವೆಲಪ್, ಇˈಮ್ಯಾಜಿನ್, ಕನ್ˈಸಿಡರ್. ನಮ್ಮಲ್ಲಿ ಬಹುತೇಕ ಎಲ್ಲರೂ 'ಡೆವಲಪ್' ಎಂದು ಮೊದಲಿಗೆ ಒತ್ತುತ್ತಾರೆ. ಅದು ತಪ್ಪಲು ಇಷ್ಟೇ ಕಾರಣ.

ಈ ನಿಯಮವನ್ನು ವಿವರವಾಗಿ ಬಿಡಿಸಿಟ್ಟವರು ಭಾಷಾವಿಜ್ಞಾನಿಗಳಾದ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ, 1968ರಲ್ಲಿ. ಲ್ಯಾಟಿನ್ ಭಾಷೆಯ ಒತ್ತಿನ ನಿಯಮವನ್ನು ಇದು ಬಹಳ ಹೋಲುತ್ತದೆ. ಲ್ಯಾಟಿನ್ನಿನಿಂದಲೂ ಫ್ರೆಂಚಿನಿಂದಲೂ ಬಂದು ಸೇರಿದ ಸಾವಿರಾರು ಪದಗಳು ಇಂಗ್ಲಿಷಿನಲ್ಲಿವೆ. ಹಳೆಯ ದೇಸಿ ಇಂಗ್ಲಿಷ್ ಪದಗಳು, ಅಂದರೆ ನೀರು, ತಂದೆ, ಹಸಿವು ಎಂಬ ಅರ್ಥದ ˈವಾಟರ್, ˈಫಾದರ್, ˈಹಂಗರ್, ಮೊದಲ ತುಂಡನ್ನೇ ಹಿಡಿದುಕೊಂಡಿರುತ್ತವೆ. ಅಪವಾದಗಳೂ ಇವೆ. ಹೋˈಟೆಲ್ ಎಂಬ ನಾಮಪದದ ಒತ್ತು ಕೊನೆಯಲ್ಲಿದೆ. ಹೋಟೆಲಿನ ಮೊದಲಿಗೆ ಒತ್ತುವುದು ನಮ್ಮ ರೂಢಿ. ˈಕ್ಯಾಲಿಂಡರ್ ಪದದ ನಡುವೆ ಗುರುವಿದ್ದರೂ ಒತ್ತು ಮೊದಲಿಗೇ ಬೀಳುತ್ತದೆ. ಇಂಥವನ್ನು ಮಾತ್ರ ಉರು ಹೊಡೆಯಿರಿ.

ಒಂದೇ ಪದದ ಒತ್ತು ಏಕೆ ಹೀಗೆ ಓಡಾಡುತ್ತದೆ? ಫೋಟೋಗ್ರಾಫ್, ಫೋಟೋಗ್ರಾಫರ್...

ಓಡಿಸುವುದು ಬಾಲದ ಪ್ರತ್ಯಯ. ˈಫೋಟಗ್ರಾಫ್, ಫˈಟಾಗ್ರಫರ್, ಫೋಟˈಗ್ರ್ಯಾಫಿಕ್: ಒತ್ತು ಮೊದಲಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಜಿಗಿಯಿತು. ಅದು ಬಿಟ್ಟುಹೋದ ಕಡೆಯೆಲ್ಲ ಸ್ವರ ಸವೆಯಿತು. ಶನ್, ಇಕ್, ಇಟಿ ಎಂದು ಮುಗಿಯುವ ಪದಗಳಲ್ಲಿ ಒತ್ತು ಆ ಬಾಲದ ಹಿಂದಿನ ತುಂಡಿಗೆ ಬೀಳುತ್ತದೆ: ಎಜುˈಕೇಶನ್, ಇˈಲೆಕ್ಟ್ರಿಕ್, ಇಲೆಕ್ˈಟ್ರಿಸಿಟಿ. ಎಂಜಿˈನಿಯರ್ ಪದದಲ್ಲಿ ಬಾಲವೇ ಒತ್ತನ್ನು ಎಳೆದುಕೊಳ್ಳುತ್ತದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಂದಾಗಿ ಚಿಕ್ಕಬಳ್ಳಾಪುರದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಪದ ಅದು. ಮೆಂಟ್, ನೆಸ್, ಫುಲ್ ಎಂಬ ಬಾಲಗಳು ಸಾಧುಗಳು, ಒತ್ತನ್ನು ಕದಲಿಸುವುದಿಲ್ಲ.

ಒಂದೇ ಕಾಗುಣಿತ, ಆದರೂ 'ರೆಕಾರ್ಡ್' ಎರಡು ರೀತಿ ಏಕೆ?

ದಾಖಲೆ ಎಂಬ ನಾಮಪದವಾದರೆ ˈರೆಕಾರ್ಡ್, ದಾಖಲಿಸು ಎಂಬ ಕ್ರಿಯೆಯಾದರೆ ರಿˈಕಾರ್ಡ್. ಉಡುಗೊರೆ ˈಪ್ರೆಸೆಂಟ್, ಮುಂದಿಡುವುದು ಪ್ರಿˈಸೆಂಟ್. ಪರ್ಮಿಟ್, ಆಬ್ಜೆಕ್ಟ್, ಇನ್ಸಲ್ಟ್ ಎಲ್ಲವೂ ಈ ಜಾತಿಯವೇ. ಮೇಲೆ ಹೇಳಿದ ನಾಮಪದ, ಕ್ರಿಯಾಪದಗಳ ಲೆಕ್ಕದ ವ್ಯತ್ಯಾಸವೇ ಇಲ್ಲಿ ಬೇರೊಂದು ವೇಷದಲ್ಲಿದೆ. ಎಲ್ಲ ಜೋಡಿಗಳೂ ಹೀಗಲ್ಲ: ಗೌರವ ಎಂಬ ಅರ್ಥದ ರಿˈಸ್ಪೆಕ್ಟ್ ನಾಮಪದವಾದರೂ ಕ್ರಿಯಾಪದವಾದರೂ ಒಂದೇ.

'ಇಂಗ್ಲಿಷ್ ಟೀಚರ್' ಎಂದರೆ ಇಂಗ್ಲಿಷ್ ಕಲಿಸುವವರೋ ಇಂಗ್ಲೆಂಡಿನವರೋ?

ಒತ್ತು ಹೇಳುತ್ತದೆ. ˈಇಂಗ್ಲಿಷ್ ಟೀಚರ್ ಎಂದು ಮೊದಲ ಪದಕ್ಕೆ ಒತ್ತಿದರೆ ಅದು ಸಮಾಸ: ಇಂಗ್ಲಿಷ್ ಕಲಿಸುವವರು. ಇಂಗ್ಲಿಷ್ ˈಟೀಚರ್ ಎಂದರೆ ವಿಶೇಷಣ: ಇಂಗ್ಲೆಂಡಿನವರಾದ ಶಿಕ್ಷಕರು, ಅವರು ಗಣಿತವನ್ನೂ ಕಲಿಸುತ್ತಿರಬಹುದು. ನಾನು ಮೊದಲನೆಯ ಬಗೆಯವನು. ತರಗತಿಯ ˈಬ್ಲ್ಯಾಕ್‌ಬೋರ್ಡ್ ಹಸಿರಾಗಿದ್ದರೂ ಬ್ಲ್ಯಾಕ್‌ಬೋರ್ಡೇ; ಬ್ಲ್ಯಾಕ್ ˈಬೋರ್ಡ್ ಎಂದರೆ ನಿಜವಾಗಿ ಕಪ್ಪಾದ ಹಲಗೆ.

ನಿಘಂಟಿನಲ್ಲಿ ಗುರುತು ಹೇಗೆ ನೋಡಬೇಕು?

ಒತ್ತಿನ ತುಂಡಿನ *ಮುಂದೆ* ಮೇಲ್ಗಡೆ ಗೀಟು. ಕೆಳಗಡೆ ಗೀಟು ಇದ್ದರೆ ಅದು ಎರಡನೆಯ ದರ್ಜೆಯ ಒತ್ತು. ಕೆಲವು ಹಳೆಯ ನಿಘಂಟುಗಳು ಗೀಟನ್ನು ತುಂಡಿನ ನಂತರ ಹಾಕುತ್ತವೆ, ಆದ್ದರಿಂದ ಮುನ್ನುಡಿಯನ್ನು ಒಮ್ಮೆ ಓದಿಕೊಳ್ಳಿ. ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ನಿಘಂಟು ಉಚ್ಚಾರಕ್ಕಾಗಿಯೇ ಮಾಡಿದ್ದು. ಅದರ ಪರಿಷ್ಕೃತ ಆವೃತ್ತಿ ಸಿಕ್ಕಿದರೆ ಬಿಡಬೇಡಿ.

## ವಾಕ್ಯದಲ್ಲಿ

ಇಂಗ್ಲಿಷಿನವರು ಪದಗಳನ್ನು ನುಂಗುತ್ತಾರಲ್ಲ, ಅವರದು ಮಾತ್ರ ಸರಿಯೇ?

ಅವರು ನುಂಗುವುದು ಆಯ್ದ ಪದಗಳನ್ನು ಮಾತ್ರ. ಹೆಸರು, ಕ್ರಿಯೆ, ಗುಣ ಹೇಳುವ ಪದಗಳಿಗೆ ಒತ್ತು. ಅವುಗಳನ್ನು ಜೋಡಿಸುವ ಆಫ್, ಟು, ಅಂಡ್, ಕ್ಯಾನ್ ಮುಂತಾದವಕ್ಕೆ ಸವೆತ. ಕನ್ನಡದಲ್ಲಿ ಆ ಕೆಲಸ ವಿಭಕ್ತಿಪ್ರತ್ಯಯಗಳದ್ದು. 'ಮನೆಯಲ್ಲಿ' ಎನ್ನುವಾಗ 'ಅಲ್ಲಿ'ಯನ್ನು ಬೇರೆ ಪದದಂತೆ ಎತ್ತಿ ಹೇಳುತ್ತೇವೆಯೇ? ಅವರ ಚಿಕ್ಕ ಪದಗಳೂ ಹಾಗೆಯೇ ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತವೆ.

ಎರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಒಬ್ಬ ಅಧಿಕಾರಿಯೊಂದಿಗೆ ಫೋನಿನಲ್ಲಿ ಮಾತನಾಡುತ್ತಾ ಸೋಮವಾರ ಬರಬಲ್ಲೆ ಎಂದಳು: 'ಐ ˈಕ್ಯಾನ್ ಕಮ್ ಆನ್ ಮಂಡೇ'. ಆ ಕಡೆಯವರು ಸೋಮವಾರದ ಸಭೆಯನ್ನೇ ರದ್ದು ಮಾಡಿದರು. ಏಕೆಂದರೆ 'ಕ್ಯಾನ್' ಒಪ್ಪಿಗೆಯಾದಾಗ ಅದು ಸವೆದು 'ಕನ್' ಆಗಬೇಕು: ಐ ಕನ್ ˈಕಮ್. ಸ್ವರ ತುಂಬಿಕೊಂಡು ಒತ್ತು ಬಿದ್ದರೆ ಅಮೆರಿಕದ ಕಿವಿಗೆ ಅದು ನಿರಾಕರಣೆಯ 'ಕ್ಯಾಂಟ್'. ಕೊನೆಯ 'ಟ್' ಅವರಲ್ಲಿ ಅನೇಕ ಸಲ ಕೇಳಿಸುವುದೇ ಇಲ್ಲ; ಅವರು ಗುರುತಿಸುವುದು ಸ್ವರದಿಂದ. ಅವಳ ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ.

ಒಂದೇ ವಾಕ್ಯದಲ್ಲಿ ಒತ್ತು ಬದಲಿಸಿದರೆ ಅರ್ಥ ನಿಜವಾಗಿ ಬದಲಾಗುತ್ತದೆಯೇ?

ಕನ್ನಡಕ್ಕೆ ತಿರುಗಿಸಿ ನೋಡಿ, ಅಲ್ಲೇ ಗೊತ್ತಾಗುತ್ತದೆ. 'ಮೈ ಬ್ರದರ್ ಬಾಟ್ ಎ ಕೌ ಇನ್ ತಿಪಟೂರು' ಎಂಬ ವಾಕ್ಯ ಇರಲಿ. 'ಬ್ರದರ್' ಪದಕ್ಕೆ ಮುಖ್ಯ ಒತ್ತು ಬಿದ್ದರೆ 'ತಿಪಟೂರಿನಲ್ಲಿ ಹಸು ಕೊಂಡದ್ದು ನಮ್ಮಣ್ಣ, ಬೇರೆಯವರಲ್ಲ'. 'ಬಾಟ್' ಮೇಲೆ ಬಿದ್ದರೆ 'ಕೊಂಡುಕೊಂಡನೇ ಹೊರತು ಮಾರಲಿಲ್ಲ'. 'ಕೌ' ಮೇಲಾದರೆ 'ಹಸುವನ್ನೇ, ಎಮ್ಮೆಯನ್ನಲ್ಲ'. ನಾವು 'ಏ' ಎಂಬ ಪ್ರತ್ಯಯವನ್ನು ಪದದಿಂದ ಪದಕ್ಕೆ ಎತ್ತಿಡುತ್ತೇವೆ. ಅವರು ಒತ್ತನ್ನು ಎತ್ತಿಡುತ್ತಾರೆ.

ಯಾವುದನ್ನೂ ಎದುರುಬದುರು ನಿಲ್ಲಿಸದ ಸಾದಾ ವಾಕ್ಯದಲ್ಲಿ ಮುಖ್ಯ ಒತ್ತು ಕೊನೆಯ ಅರ್ಥವುಳ್ಳ ಪದಕ್ಕೆ ಬೀಳುತ್ತದೆ. ಆದರೆ ಆ ಪದ ಈಗಾಗಲೇ ಮಾತಿನಲ್ಲಿ ಬಂದುಹೋಗಿದ್ದರೆ ಅದಕ್ಕೆ ಒತ್ತು ಕೊಡಬಾರದು. ಇಲ್ಲಿಯೇ ನಮ್ಮವರು ಬಹಳ ತಪ್ಪುತ್ತಾರೆ. ಕಾಫಿ ಬೇಕೇ ಎಂದು ಕೇಳಿದರೆ ಉತ್ತರ 'ಐ ಡೋಂಟ್ ˈಡ್ರಿಂಕ್ ಕಾಫಿ'. ಕಾಫಿಯ ಮಾತು ಹಳತಾಯಿತು, ಆದ್ದರಿಂದ ಅದು ತಗ್ಗಿದ ಧ್ವನಿಯಲ್ಲಿ ಸರಿದುಹೋಗುತ್ತದೆ. ಕನ್ನಡದಲ್ಲಿ ನಾವು ಹಳೆಯ ಸುದ್ದಿಯನ್ನು ಮುಂದಕ್ಕೆ ತಂದು ಕೂರಿಸುತ್ತೇವೆ: 'ಕಾಫಿ ನಾನು ಕುಡಿಯುವುದಿಲ್ಲ'. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಹಾಗೆ ಸುಲಭವಾಗಿ ಕದಲುವುದಿಲ್ಲ, ಕದಲುವುದು ಒತ್ತು.

## ಏರಿಳಿತ

ಪ್ರಶ್ನೆ ಎಂದಮೇಲೆ ಧ್ವನಿ ಏರಲೇಬೇಕಲ್ಲವೇ?

ಎಲ್ಲ ಪ್ರಶ್ನೆಯಲ್ಲೂ ಅಲ್ಲ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಕೊನೆ ಏರುತ್ತದೆ. ಏನು, ಎಲ್ಲಿ, ಯಾವಾಗ ಎಂದು ಕೇಳುವಾಗ ಕೊನೆ ಇಳಿಯುತ್ತದೆ, ಹೇಳಿಕೆಯ ಹಾಗೆಯೇ. ಪ್ರಶ್ನೆಯೆಂದು ತಿಳಿಸಲು ಅಲ್ಲಿ ಪದವೇ ಇದೆ. ಇನ್ನು ವಾಕ್ಯದ ಬಾಲಕ್ಕೆ ಸೇರಿಸುವ 'ಇಸಂಟ್ ಇಟ್' ಎಂಬ 'ಅಲ್ಲವೇ'ಗೆ ಎರಡು ಮುಖ. ಇಳಿದರೆ 'ಅಲ್ಲವೇ, ಒಪ್ಪಿಕೊಳ್ಳಿ' ಎಂದು. ಏರಿದರೆ 'ನನಗೆ ಖಚಿತವಿಲ್ಲ, ಹೇಳಿ' ಎಂದು.

ನಾನು ವಿನಯದಿಂದ ಮಾತನಾಡಿದರೂ ಒರಟು ಎನ್ನುತ್ತಾರೆ. ಏಕೆ?

ಇದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಎಂಬ ದೂರು ಬಂದಿತ್ತು. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಹೋಗಿ ನೋಡಿದರೆ ಅವರು ಹೆಚ್ಚು ಮಾತನ್ನೇ ಆಡುತ್ತಿರಲಿಲ್ಲ. ಮಾಂಸ ತೆಗೆದುಕೊಂಡವರಿಗೆ ಅದರ ಮೇಲೆ ಸಾರು ಬೇಕೇ ಎಂದು ಕೇಳಲು 'ಗ್ರೇವಿ' ಎಂಬ ಒಂದೇ ಪದ ಹೇಳುತ್ತಿದ್ದರು, ಧ್ವನಿ ಇಳಿಸಿ. ಬ್ರಿಟಿಷ್ ಹೆಂಗಸರು ಅದೇ ಪದವನ್ನು ಏರಿಸಿ ಹೇಳುತ್ತಿದ್ದರು. ಏರಿಸಿದ್ದು 'ಗ್ರೇವಿ ಬೇಕೇ?' ಎಂದು ಕೇಳಿಸುತ್ತಿತ್ತು. ಇಳಿಸಿದ್ದು 'ಇದು ಗ್ರೇವಿ, ಬೇಕಾದರೆ ತೆಗೆದುಕೊಳ್ಳಿ' ಎಂಬಂತೆ ಕೇಳಿಸುತ್ತಿತ್ತು. ಆ ಹೆಂಗಸರಿಗೆ ಅದು ಕೇಳುವ ಸಹಜ ರೀತಿಯೇ ಆಗಿತ್ತು. ಗಂಪರ್ಜ್ ಇದನ್ನು 1982ರಲ್ಲಿ ಬರೆದರು.

ಉಚ್ಚಾರ ತಪ್ಪಿದರೆ ಎದುರಿನವರು 'ಇವರಿಗೆ ಭಾಷೆ ಸಾಲದು' ಎಂದುಕೊಳ್ಳುತ್ತಾರೆ. ಏರಿಳಿತ ತಪ್ಪಿದರೆ ಭಾಷೆಯ ಮೇಲೆ ಅನುಮಾನ ಬರುವುದಿಲ್ಲ, ನಿಮ್ಮ ಸ್ವಭಾವದ ಮೇಲೆ ಬರುತ್ತದೆ. ಅನ್ಯಾಯವಾದರೂ ನಡೆಯುವುದು ಹೀಗೆ.

'ಇಟ್ಸ್ ಗುಡ್' ಎಂದರು, ಆಮೇಲೆ ಅರ್ಜಿ ತಿರಸ್ಕರಿಸಿದರು. ಸುಳ್ಳು ಹೇಳಿದರೇ?

ಬಹುಶಃ ಇಲ್ಲ. 'ಗುಡ್' ಪದದ ಮೇಲೆ ಧ್ವನಿ ಇಳಿದು ಮತ್ತೆ ಸ್ವಲ್ಪ ಎದ್ದಿರಬೇಕು. ಈ ಇಳಿದು ಏರುವ ರಾಗ ಇಂಗ್ಲಿಷಿನಲ್ಲಿ, ಬ್ರಿಟಿಷರಲ್ಲಂತೂ, ಬಲು ಬಳಕೆಯದು. 'ಆದರೆ' ಎಂಬುದನ್ನು ಬಾಯಿಬಿಟ್ಟು ಹೇಳದೆ ತಿಳಿಸುವ ಬಗೆ ಅದು. ನೇರವಾಗಿ ಇಳಿದರೆ 'ಚೆನ್ನಾಗಿದೆ'. ಇಳಿದು ಏರಿದರೆ 'ಚೆನ್ನಾಗಿಯೇನೋ ಇದೆ'. ಆ 'ಏನೋ' ಎಂಬುದನ್ನು ಕನ್ನಡಿಗರಾದ ನಾವು ಎಂದೂ ತಪ್ಪು ತಿಳಿಯುವುದಿಲ್ಲ. ಅವರ ಧ್ವನಿಯಲ್ಲಿ ಅದನ್ನು ಕೇಳಿಸಿಕೊಳ್ಳುವುದನ್ನು ಕಲಿಯಬೇಕು.

## ಇನ್ನೂ ಆಳಕ್ಕೆ

ಇಂಗ್ಲಿಷಿನಲ್ಲಿ ಒತ್ತುಗಳ ನಡುವೆ ಸಮಾನ ಕಾಲ ಇರುತ್ತದೆ ಎಂದು ಓದಿದೆ. ನಿಜವೇ?

ಕಿವಿಗೆ ನಿಜ, ಗಡಿಯಾರಕ್ಕೆ ಅಲ್ಲ. ಒತ್ತುಗಳ ನಡುವೆ ಸಮಾನ ಕಾಲ ಇರುವುದು ಒತ್ತಿನ ಲಯದ ಭಾಷೆ, ಪ್ರತಿ ತುಂಡಿಗೂ ಸಮಾನ ಕಾಲ ಹಿಡಿಯುವುದು ತುಂಡಿನ ಲಯದ ಭಾಷೆ ಎಂಬ ವಿಂಗಡಣೆಯನ್ನು ಭಾಷಾವಿಜ್ಞಾನಿ ಕೆನೆತ್ ಪೈಕ್ 1945ರಲ್ಲಿ ಮಾಡಿದರು. ಡೇವಿಡ್ ಅಬರ್‌ಕ್ರಾಂಬಿ 1967ರಲ್ಲಿ ಅದನ್ನು ಲೋಕದ ಭಾಷೆಗಳಿಗೆಲ್ಲ ಹಿಗ್ಗಿಸಿದರು. ಮುಂದೆ ಯಂತ್ರವಿಟ್ಟು ಅಳೆದವರಿಗೆ ಆ ಸಮಾನತೆ ಸಿಗಲಿಲ್ಲ. ನಿಜವಾಗಿ ಇರುವುದು ಸವೆತ: ಒತ್ತಿಲ್ಲದ ತುಂಡುಗಳು ಕುಗ್ಗುವುದರಿಂದ ಒತ್ತಿನವು ತಾಳ ಹಾಕಿದಂತೆ ಕೇಳಿಸುತ್ತವೆ. ಕಾವ್ಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಇಂಗ್ಲಿಷ್ ಪದ್ಯ ಒತ್ತುಗಳನ್ನು ಎಣಿಸಿದರೆ ನಮ್ಮ ಷಟ್ಪದಿ ಮಾತ್ರೆಗಳನ್ನು ಎಣಿಸುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಅವುಗಳನ್ನು ನಿಲ್ಲಿಸಿದ್ದು ಮಾತ್ರೆಗಳ ಗಣದ ಮೇಲೆ.

ನಾವು ಮಾತನಾಡುವುದು ಜಪಾನಿನವರೊಂದಿಗೆ, ಜರ್ಮನಿಯವರೊಂದಿಗೆ. ಆಗಲೂ ಇದೆಲ್ಲ ಬೇಕೇ?

ಎಲ್ಲವೂ ಬೇಕಿಲ್ಲ. ಮಾಲೂರು, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಈ ಪ್ರಶ್ನೆ ಕೇಳುವುದು ತೀರಾ ನ್ಯಾಯ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಪರಸ್ಪರ ಮಾತನಾಡುವಾಗ ಯಾವ ತಪ್ಪುಗಳಿಂದ ಅರ್ಥ ಕೆಡುತ್ತದೆ ಎಂದು ಜೆನಿಫರ್ ಜೆಂಕಿನ್ಸ್ ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದರು. ವಾಕ್ಯದ ಮುಖ್ಯ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಅವರು ಅಗತ್ಯದ ಪಟ್ಟಿಯಲ್ಲಿ ಇಟ್ಟರು. ಚಿಕ್ಕ ಪದಗಳ ಸವೆತ, ಒತ್ತಿನ ಲಯ, ಏರಿಳಿತದ ರಾಗಗಳನ್ನು ಹೊರಗಿಟ್ಟರು. ಪದದ ಒತ್ತನ್ನೂ ಕಟ್ಟುನಿಟ್ಟಿನ ಅಗತ್ಯವೆಂದು ಅವರು ಎಣಿಸಲಿಲ್ಲ. ಅಲ್ಲಿ ನನ್ನ ಅಭಿಪ್ರಾಯ ಬೇರೆ. ಇಂದು ಜಪಾನಿನವರೊಂದಿಗೆ ಮಾತನಾಡುವವರು ನಾಳೆ ಅಮೆರಿಕದವರೊಂದಿಗೂ ಮಾತನಾಡುತ್ತಾರೆ. ಸಮಯ ಕಡಿಮೆಯಿದ್ದರೆ ಮಾತ್ರ ಅವರ ಕ್ರಮದಲ್ಲೇ ಹೋಗಿ: ಮೊದಲು ವಾಕ್ಯದ ಮುಖ್ಯ ಒತ್ತು, ಆಮೇಲೆ ಪದದ್ದು, ಕೊನೆಗೆ ರಾಗ.

ನನ್ನ ಧ್ವನಿ ಏರುತ್ತಿದೆಯೋ ಇಳಿಯುತ್ತಿದೆಯೋ ನನಗೇ ಗೊತ್ತಾಗುವುದಿಲ್ಲ. ಏನು ಮಾಡಲಿ?

ಇದು ಎಲ್ಲರ ಕಷ್ಟ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್‌ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ ಪ್ರಾಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಧ್ವನಿಮುದ್ರಿಕೆಯನ್ನು ಅದಕ್ಕೆ ಕೊಟ್ಟರೆ ಸ್ಥಾಯಿಯನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ನನ್ನ ತರಗತಿಯಲ್ಲಿ ಒಂದೇ ಪದದಿಂದ ಶುರು ಮಾಡಿಸುತ್ತೇನೆ. 'ಕಾಫಿ' ಎಂದು ಮೂರು ಸಲ ಹೇಳಿ: 'ಏನು ಕುಡಿಯುತ್ತೀರಿ?' ಎಂಬುದಕ್ಕೆ ಉತ್ತರವಾಗಿ ಒಮ್ಮೆ, 'ಕಾಫಿ ಬೇಕೇ?' ಎಂದು ಕೇಳುವಂತೆ ಒಮ್ಮೆ, 'ಕಾಫಿಯೇನೋ ಇದೆ' ಎಂಬ ಭಾವದಲ್ಲಿ ಒಮ್ಮೆ. ಮೊದಲನೆಯ ಗೆರೆ ಕೆಳಗಿಳಿಯಬೇಕು, ಎರಡನೆಯದು ಮೇಲೇರಬೇಕು, ಮೂರನೆಯದು ಇಳಿದು ತುದಿಯಲ್ಲಿ ಕೊಕ್ಕೆಯಂತೆ ಏಳಬೇಕು. ಮೊದಲ ವಾರ ಹೆಚ್ಚಿನವರ ಮೂರು ಗೆರೆಗಳೂ ಒಂದೇ ತರಹ ಇರುತ್ತವೆ. ಮೂರನೆಯ ವಾರದ ಹೊತ್ತಿಗೆ ಎರಡು ಬೇರೆಯಾಗುತ್ತವೆ. ಆ ಕೊಕ್ಕೆ ಮೂಡಲು ಇನ್ನೂ ಕೆಲವು ವಾರ ಬೇಕು.